ದುಷ್ಟರ ನಡುವೆ ಸಹೃದಯ: ‘ವದರಿಂಗ್ ಹೈಟ್ಸ್’ ಕಾದಂಬರಿಯನ್ನು ಕುರಿತು ಒಂದು ವಿಚಾರ

೧

ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ ಕಾದಂಬರಿಯನ್ನು ಪಾಠ ಹೇಳುವ ಅಧ್ಯಾಪಕರಿಗೆ ತರಗತಿಯಿಂದ ಒಂದು ಆಕ್ಷೇಪಣೆ ಬರುವುದು ಸಹಜ. “ಈ ಗ್ರಂಥದಲ್ಲಿ ಮೆಚ್ಚತಕ್ಕವರು ಯಾರಿದ್ದಾರೆ? ನಾಯಕನು ಕ್ರೂರಿ, ನಾಯಿಕೆ ಸ್ವಾರ್ಥಿ, ಉಳಿದವರಲ್ಲಿ ಒಬ್ಬ ಕುಡುಕ, ಒಬ್ಬ ದುರ್ಬಲ, ಒಬ್ಬ ಡಾಂಭಿಕ. ಇಂಥವರ ಸಹವಾಸದಲ್ಲಿ ಇಷ್ಟು ದಿನ ಕಳೆಯುವುದರಿಂದ ನಮಗೆ ಬರುವ ಲಾಭವೇನು?” ಇದನ್ನು ಅರಸಿಕರ ಪ್ರಶ್ನೆಯೆಂದು ಬದಿಗೆ ಸರಿಸುವುದು ಸುಲಭ, ಆದರೆ ನ್ಯಾಯವಲ್ಲ. ಓದಿ ನೊಂದವನು ಓದಿದ್ದಾನೆಂಬುದಂತೂ ನಿಶ್ಚಯ. ಆ ನೋವಿಗೆ ಉತ್ತರ ಹೇಳಲಾರದ ವಿಮರ್ಶೆ ಎಷ್ಟೇ ಪಾಂಡಿತ್ಯಪೂರ್ಣವಾಗಿದ್ದರೂ ತನ್ನ ಕೆಲಸವನ್ನು ಪೂರೈಸಿದಂತಾಗುವುದಿಲ್ಲ. ಪ್ರಕೃತ ಲೇಖನದಲ್ಲಿ ಈ ಆಕ್ಷೇಪಣೆಯನ್ನು ಎತ್ತಿಕೊಂಡು, ಅದಕ್ಕೆ ಕಾದಂಬರಿಯ ಒಳಗಿನಿಂದಲೇ ಸಮಾಧಾನವನ್ನು ಹುಡುಕಲು ಯತ್ನಿಸಿದೆ.

ಆಕ್ಷೇಪಣೆ ಕೃತಿಯಷ್ಟೇ ಹಳೆಯದು. ೧೮೪೭ರ ಡಿಸೆಂಬರಿನಲ್ಲಿ ‘ಎಲ್ಲಿಸ್ ಬೆಲ್’ ಎಂಬ ಮರೆಹೆಸರಿನಲ್ಲಿ ಈ ಕಾದಂಬರಿ ಪ್ರಕಟವಾದಾಗ, ಅದರ ಶಕ್ತಿಯನ್ನು ಒಪ್ಪಿಕೊಂಡ ವಿಮರ್ಶಕರು ಕೂಡ ಅದರ ಕ್ರೌರ್ಯಕ್ಕೆ ಹಿಂಜರಿದರು. ಮರುವರ್ಷವೇ, ೧೮೪೮ರ ಡಿಸೆಂಬರ್ ೧೯ರಂದು, ಎಮಿಲಿ ತೀರಿಕೊಂಡಳು. ಕೃತಿಯನ್ನು ಸಮರ್ಥಿಸುವ ಹೊಣೆ ಅಕ್ಕ ಷಾರ್ಲೆಟ್‌ಳ ಮೇಲೆ ಬಿತ್ತು. ೧೮೫೦ರ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಆಕೆ ತಂಗಿಯ ಪ್ರತಿಭೆಯನ್ನು ಎತ್ತಿಹಿಡಿದರೂ, ಹೀತ್‌ಕ್ಲಿಫ್‌ನಂಥ ಜೀವಿಯನ್ನು ಸೃಷ್ಟಿಸುವುದು ಉಚಿತವೇ ಎಂಬ ಪ್ರಶ್ನೆಯನ್ನು ತಾನೇ ಹಾಕಿಕೊಂಡು, ಉಚಿತವೆಂದು ತನಗೆ ಅಷ್ಟಾಗಿ ತೋರುವುದಿಲ್ಲವೆಂದು ಒಪ್ಪಿಕೊಂಡಳು. ಒಡಹುಟ್ಟಿದವಳೇ ಹೀಗೆ ತಡವರಿಸಿದ ಮೇಲೆ ನಮ್ಮ ವಿದ್ಯಾರ್ಥಿಯ ಸಂಕೋಚವನ್ನು ತಪ್ಪೆನ್ನುವುದು ಹೇಗೆ?

ಕಥೆಯ ಹಂದರವನ್ನು ಇಲ್ಲಿ ನೆನಪಿಗೆ ತಂದುಕೊಳ್ಳಬಹುದು. ಯಾರ್ಕ್‌ಷೈರಿನ ಗಾಳಿ ಬಡಿಯುವ ಗುಡ್ಡದ ಮೇಲಿನ ಮನೆಯ ಯಜಮಾನ ಅರ್ನ್‌ಷಾ, ಲಿವರ್‌ಪೂಲ್ ನಗರದ ಬೀದಿಯಲ್ಲಿ ದಿಕ್ಕಿಲ್ಲದೆ ಬಿದ್ದಿದ್ದ ಮಗುವೊಂದನ್ನು ಮನೆಗೆ ತರುತ್ತಾನೆ. ಅದೇ ಹೀತ್‌ಕ್ಲಿಫ್. ಯಜಮಾನನ ಮಗಳು ಕ್ಯಾಥರೀನ್ ಅವನನ್ನು ತನ್ನ ಪ್ರಾಣವೆಂದು ಬಗೆಯುತ್ತಾಳೆ. ಮಗ ಹಿಂಡ್ಲಿ ದ್ವೇಷಿಸುತ್ತಾನೆ. ತಂದೆ ಸತ್ತ ಮೇಲೆ ಹಿಂಡ್ಲಿ ಅವನನ್ನು ಆಳಿನ ಮಟ್ಟಕ್ಕೆ ಇಳಿಸುತ್ತಾನೆ. ಕ್ಯಾಥರೀನ್ ಕಣಿವೆಯ ಶ್ರೀಮಂತ ಮನೆತನದ ಎಡ್ಗರ್ ಲಿಂಟನ್‌ನನ್ನು ಮದುವೆಯಾಗಲು ನಿಶ್ಚಯಿಸುತ್ತಾಳೆ. ಮನೆ ಬಿಟ್ಟು ಹೋದ ಹೀತ್‌ಕ್ಲಿಫ್ ಮೂರು ವರ್ಷಗಳ ಅನಂತರ ಹಣವಂತನಾಗಿ ಮರಳಿ, ಎರಡು ಮನೆತನಗಳನ್ನೂ ನೆಲಸಮ ಮಾಡಲು ತೊಡಗುತ್ತಾನೆ. ಎಡ್ಗರ್‌ನ ತಂಗಿ ಇಸಾಬೆಲ್ಲಾಳನ್ನು ಪ್ರೀತಿಯಿಲ್ಲದೆ ಮದುವೆಯಾಗಿ ಹಿಂಸಿಸುತ್ತಾನೆ. ಹಿಂಡ್ಲಿಯ ಮಗ ಹೇರ್‌ಟನ್‌ನನ್ನು ಅಕ್ಷರ ಕಲಿಸದೆ ಕಾಡುಮನುಷ್ಯನಂತೆ ಬೆಳೆಸುತ್ತಾನೆ. ಸಾಯುತ್ತಿರುವ ತನ್ನ ಸ್ವಂತ ಮಗನಿಗೆ ಕ್ಯಾಥರೀನಳ ಮಗಳನ್ನು ಬಲಾತ್ಕಾರದಿಂದ ಮದುವೆ ಮಾಡಿಸುತ್ತಾನೆ. ಈ ಮಗಳ ಹೆಸರೂ ಕ್ಯಾಥರೀನ್. ಗೊಂದಲವಾಗದಂತೆ ಇವಳನ್ನು ಕ್ಯಾಥಿ ಎಂದು ಕರೆಯೋಣ. ಇಷ್ಟು ಅಪರಾಧಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಈ ಕೃತಿಯನ್ನು ಮೆಚ್ಚುವುದೆಂದರೇನು?

೨

ಈ ಪ್ರಶ್ನೆಗೆ ರೂಢಿಯಲ್ಲಿ ಮೂರು ಉತ್ತರಗಳಿವೆ. ಕಾವ್ಯಲೋಕದಲ್ಲಿ ನೀತಿಯ ವಿಚಾರಕ್ಕೆ ಎಡೆಯಿಲ್ಲ, ಅಲ್ಲಿ ನೋಡಬೇಕಾದದ್ದು ಸೃಷ್ಟಿಯ ಶಕ್ತಿಯನ್ನು ಎಂಬುದು ಮೊದಲನೆಯದು. ಲಾರ್ಡ್ ಡೇವಿಡ್ ಸೆಸಿಲ್ ೧೯೩೪ರಲ್ಲಿ ಈ ವಾದಕ್ಕೆ ಬಹಳ ಸುಂದರವಾದ ರೂಪ ಕೊಟ್ಟರು. ಎಮಿಲಿಯ ಲೋಕದಲ್ಲಿ ನಡೆಯುವ ಘರ್ಷಣೆ ಒಳಿತು ಕೆಡುಕುಗಳದಲ್ಲ, ಬಿರುಗಾಳಿ ಮತ್ತು ಶಾಂತಿ ಎಂಬ ಎರಡು ತತ್ತ್ವಗಳದು ಎಂದು ಅವರ ಅಭಿಪ್ರಾಯ. ಕೃತಿಯ ವಾತಾವರಣವನ್ನು ಇದು ಚೆನ್ನಾಗಿ ವಿವರಿಸುತ್ತದೆ. ಆದರೆ ಬಿರುಗಾಳಿ ಯಾರನ್ನೂ ಕೋಣೆಯಲ್ಲಿ ಕೂಡಿಹಾಕಿ ಮದುವೆಗೆ ಒಪ್ಪಿಸುವುದಿಲ್ಲ. ಮನುಷ್ಯನು ಯೋಚಿಸಿ ಮಾಡಿದ ಕೆಲಸವನ್ನು ಪ್ರಕೃತಿಯ ವ್ಯಾಪಾರವೆಂದು ಕರೆದರೆ ಅವನ ಹಿರಿಮೆ ಹೆಚ್ಚೀತು. ಅವನಿಂದ ನೊಂದವರ ನೋವು ಲೆಕ್ಕದಿಂದ ತಪ್ಪಿಹೋಗುತ್ತದೆ.

ಎರಡನೆಯ ಉತ್ತರ, ದುಷ್ಟನಿಗೆ ಕೊನೆಯಲ್ಲಿ ಶಿಕ್ಷೆಯಾಯಿತಲ್ಲ ಎಂಬುದು. ಇದು ಕೃತಿಗೆ ಒಪ್ಪುವುದಿಲ್ಲ. ಹೀತ್‌ಕ್ಲಿಫ್‌ನನ್ನು ಯಾರೂ ಶಿಕ್ಷಿಸುವುದಿಲ್ಲ. ಅವನು ಹರ್ಷವೆಂದೇ ಹೇಳಬಹುದಾದ ಸ್ಥಿತಿಯಲ್ಲಿ ಸಾಯುತ್ತಾನೆ. ಮೂರನೆಯದು, ಅವನು ಬಾಲ್ಯದಲ್ಲಿ ನೊಂದವನು, ಆದ್ದರಿಂದ ಕ್ಷಮ್ಯನು ಎಂಬ ಕನಿಕರದ ಉತ್ತರ. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಹೇರ್‌ಟನ್‌ನೂ ಬಾಲ್ಯದಲ್ಲಿ ಅಷ್ಟೇ ನೊಂದವನು. ಒಂದೇ ಬಗೆಯ ನೋವು ಒಬ್ಬನನ್ನು ಹಿಂಸಕನನ್ನಾಗಿ ಮಾಡಿತು, ಇನ್ನೊಬ್ಬನನ್ನು ಮಾಡಲಿಲ್ಲ. ಈ ಜೋಡಣೆ ಆಕಸ್ಮಿಕವಲ್ಲ. ಹಿಂಡ್ಲಿಯ ಶವಸಂಸ್ಕಾರದ ದಿನ ಹೀತ್‌ಕ್ಲಿಫ್ ಹೇರ್‌ಟನ್‌ನನ್ನು ಎತ್ತಿಕೊಂಡು, ಅದೇ ಗಾಳಿಗೆ ಒಡ್ಡಿದರೆ ಈ ಗಿಡವೂ ಆ ಗಿಡದಂತೆಯೇ ಸೊಟ್ಟಗೆ ಬೆಳೆಯುವುದೋ ಇಲ್ಲವೋ ನೋಡೋಣ ಎಂಬ ಅರ್ಥದ ಮಾತಾಡುತ್ತಾನೆ. ಕಾದಂಬರಿಯ ಮೊದಲ ಪುಟಗಳಲ್ಲಿಯೇ ಆ ಮನೆಯ ಪಕ್ಕದಲ್ಲಿ ಉತ್ತರದ ಗಾಳಿಗೆ ಬಾಗಿದ ಮರಗಳ ವರ್ಣನೆಯಿದೆ. ಹೀತ್‌ಕ್ಲಿಫ್ ಮಾಡುವುದು ಒಂದು ಪ್ರಯೋಗ. ಆ ಪ್ರಯೋಗ ಸೋಲುತ್ತದೆ.

ಕನ್ನಡದ ವಿದ್ಯಾರ್ಥಿಗೆ ದುಷ್ಟಪಾತ್ರದ ಹಿರಿಮೆ ಹೊಸ ವಿಷಯವಲ್ಲ. ರನ್ನನ ದುರ್ಯೋಧನನನ್ನು, ನಾಗಚಂದ್ರನ ರಾವಣನನ್ನು ಬಲ್ಲವನು ಆ ಕೀಲಿಕೈಯನ್ನೇ ಇಲ್ಲಿಗೂ ಹಾಕಿ ನೋಡುವುದು ಸ್ವಾಭಾವಿಕ. ಆದರೆ ಕೀಲಿ ತಿರುಗುವುದಿಲ್ಲ. ದುರ್ಯೋಧನನಿಗೆ ಛಲವೂ ಸ್ನೇಹನಿಷ್ಠೆಯೂ ಉಂಟು. ನಾಗಚಂದ್ರನ ರಾವಣನು ಸೀತೆಯ ದೃಢತೆಯನ್ನು ಕಂಡು ಮನಸ್ಸು ತಿರುಗಿ ಪಶ್ಚಾತ್ತಾಪಪಡುತ್ತಾನೆ. ನಮ್ಮ ಗೌರವಕ್ಕೆ ಅಲ್ಲಿ ಆಧಾರವಿದೆ. ಹೀತ್‌ಕ್ಲಿಫ್ ತಾನು ಅನ್ಯಾಯ ಮಾಡಿಲ್ಲವೆಂದೂ ಯಾವುದಕ್ಕೂ ಪರಿತಪಿಸುವುದಿಲ್ಲವೆಂದೂ ಹೇಳಿಯೇ ಸಾಯುತ್ತಾನೆ. ಇಲ್ಲಿ ಹೆಚ್ಚು ನೆರವಾಗುವುದು ‘ಆಭಾಸ’ವೆಂಬ ಆಲಂಕಾರಿಕರ ಪರಿಭಾಷೆ. ಸೀತೆಯಲ್ಲಿ ರಾವಣನಿಗಿದ್ದ ರತಿಯನ್ನು ಅವರು ಶೃಂಗಾರವೆನ್ನದೆ ಶೃಂಗಾರಾಭಾಸವೆಂದರು. ಹಾಗೆಂದು ಅದನ್ನು ಕಾವ್ಯದಿಂದ ಹೊರಗೆ ಹಾಕಲಿಲ್ಲ. ಅದಕ್ಕೆ ಬೇರೆ ಹೆಸರಿಟ್ಟು ಒಳಗೇ ಉಳಿಸಿಕೊಂಡರು. ಆಸ್ವಾದವೂ ವಿವೇಚನೆಯೂ ಒಂದೇ ಕ್ಷಣದಲ್ಲಿ ನಡೆಯಬಹುದು ಎಂಬ ತಿಳಿವಳಿಕೆ ಆ ಹೆಸರಿನಲ್ಲಿದೆ.

೩

ಈಗ ಕಾದಂಬರಿಯ ಒಳಕ್ಕೆ ಹೋಗೋಣ. ಹೀತ್‌ಕ್ಲಿಫ್‌ನನ್ನು ಹೇಗೆ ಓದಬೇಕೆಂಬ ನಮ್ಮ ಸಮಸ್ಯೆ ಒಳಗಿನ ಪಾತ್ರಗಳಿಗೂ ಇದೆ. ಅವರಲ್ಲಿ ಮೊದಲ ಓದುಗಳು ಇಸಾಬೆಲ್ಲಾ. ಅವನ ಒರಟುತನದ ಹಿಂದೆ ಉದಾರವಾದ ಹೃದಯವೊಂದು ಅಡಗಿದೆಯೆಂದು ಅವಳು ನಂಬುತ್ತಾಳೆ. ಹಾಗೆ ನಂಬಬೇಡ, ಅವನು ಕರುಣೆಯಿಲ್ಲದ ತೋಳನಂಥ ಮನುಷ್ಯ ಎಂದು ಕ್ಯಾಥರೀನಳೇ ಎಚ್ಚರಿಸುತ್ತಾಳೆ. ಅವನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವಳ ಬಾಯಿಂದಲೇ ಈ ಮಾತು ಬರುತ್ತದೆ. ಇಸಾಬೆಲ್ಲಾ ಕೇಳುವುದಿಲ್ಲ. ಅವನೊಡನೆ ಓಡಿಹೋಗುವ ರಾತ್ರಿ ಅವಳ ಮುದ್ದಿನ ನಾಯಿಮರಿಯನ್ನು ಅವನು ಕರವಸ್ತ್ರದಿಂದ ನೇತುಹಾಕಿ ಬಂದಿರುತ್ತಾನೆ. ಆಗಲೂ ಅವಳ ಕಣ್ಣು ತೆರೆಯಲಿಲ್ಲವೆಂದು ಮುಂದೆ ಅವನೇ ಆಡಿಕೊಳ್ಳುತ್ತಾನೆ. ತನ್ನನ್ನು ಪ್ರಣಯಕಥೆಯ ನಾಯಕನೆಂದು ಕಲ್ಪಿಸಿಕೊಂಡವಳೆಂದು ಅವಳನ್ನು ಹಂಗಿಸುವವನೂ ಅವನೇ. ಹೀತ್‌ಕ್ಲಿಫ್‌ನನ್ನು ‘ಮಹಾಪ್ರೇಮಿ’ಯೆಂದು ವರ್ಣಿಸುವ ಪರೀಕ್ಷೆಯ ಉತ್ತರವನ್ನು ಎಮಿಲಿ ಮೊದಲೇ ಊಹಿಸಿ, ಅದರ ಫಲವನ್ನು ಇಸಾಬೆಲ್ಲಾಳ ಬಾಳಿನಲ್ಲಿ ತೋರಿಸಿದ್ದಾಳೆ. ಇಸಾಬೆಲ್ಲಾಳ ಕಥೆಯನ್ನು ಅವಳ ಕಾಗದದಲ್ಲಿ, ಅವಳದೇ ಧ್ವನಿಯಲ್ಲಿ ನಮಗೆ ಕೇಳಿಸಲಾಗಿದೆ. ಅದನ್ನು ಪಾಠದಲ್ಲಿ ಹಾರಿಸಿಬಿಡುವುದು ಕೃತಿಗೆ ಮಾಡುವ ಅನ್ಯಾಯ. ತರಗತಿಯಲ್ಲಿ ಕುಳಿತ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯವೂ ಹೌದು.

ಎರಡನೆಯ ಓದುಗ ಎಡ್ಗರ್. ಇವನ ತೀರ್ಪು ಇಸಾಬೆಲ್ಲಾಳದಕ್ಕೆ ವಿರುದ್ಧ: ಹೀತ್‌ಕ್ಲಿಫ್ ದುಷ್ಟ, ಅವನ ಸಂಪರ್ಕವೇ ಮಲಿನ. ತೀರ್ಪು ಸರಿಯಾದದ್ದೇ. ಆದರೆ ಅದನ್ನು ಎಡ್ಗರ್ ಹೇಗೆ ನಡೆಸುತ್ತಾನೆಂಬುದನ್ನು ನೋಡಬೇಕು. ತಂಗಿ ಓಡಿಹೋದಳೆಂದು ತಿಳಿದಾಗ, ಇನ್ನು ಅವಳು ಹೆಸರಿಗೆ ಮಾತ್ರ ತಂಗಿಯೆಂದು ಬಿಡುತ್ತಾನೆ. ಅವಳು ಕ್ಷಮೆ ಕೇಳಿ ಬರೆದರೂ ಒಂದು ಸಾಲಿನ ಉತ್ತರ ಕಳುಹಿಸುವುದಿಲ್ಲ. ಅವನು ಅವಳ ಬಳಿಗೆ ಹೋಗುವುದು ಅವಳು ಮರಣಶಯ್ಯೆಯಲ್ಲಿರುವಾಗ. ಕೆಟ್ಟದ್ದರಿಂದ ದೂರವಿರಬೇಕೆಂಬ ಸಭ್ಯತೆ ಕೆಟ್ಟದ್ದಕ್ಕೆ ಸಿಕ್ಕಿಬಿದ್ದವಳಿಂದಲೂ ದೂರವಾಯಿತು. ಪುಸ್ತಕವನ್ನು ಮುಚ್ಚಿಟ್ಟು, ಇಂಥವರ ವಿಷಯ ನನಗೆ ಬೇಡವೆನ್ನುವ ಓದುಗನು ಎಡ್ಗರ್‌ನ ಪಕ್ಕದಲ್ಲಿ ನಿಂತಿರುತ್ತಾನೆ. ಅವನು ಕೆಟ್ಟವನಲ್ಲ. ಆದರೆ ಅವನ ಒಳ್ಳೆಯತನದಿಂದ ಆ ಹೊತ್ತಿನಲ್ಲಿ ಯಾರಿಗೂ ನೆರವಾಗಲಿಲ್ಲ.

ತೀರ್ಪು ಹೇಳುವವರಿಗೆ ನಿಲ್ಲಲು ನಿರ್ಮಲವಾದ ಜಾಗವನ್ನೂ ಎಮಿಲಿ ಬಿಟ್ಟುಕೊಟ್ಟಿಲ್ಲ. ಕಥೆಯನ್ನು ನಮಗೆ ಮುಟ್ಟಿಸುವವರು ಇಬ್ಬರು: ಊರಿಗೆ ಹೊಸಬನಾದ ಸಭ್ಯ ಗೃಹಸ್ಥ ಲಾಕ್‌ವುಡ್, ಮನೆಗೆಲಸದ ನೆಲ್ಲಿ ಡೀನ್. ಹಿಮ ಸುರಿಯುವ ರಾತ್ರಿ ಆ ಮನೆಯಲ್ಲಿ ತಂಗಿದ ಲಾಕ್‌ವುಡ್‌ಗೆ ಕನಸಿನಲ್ಲಿ, ಕಿಟಕಿಯ ಹೊರಗೆ ನಿಂತು ಒಳಗೆ ಬಿಡೆಂದು ಅಳುವ ಮಗುವೊಂದು ಕಾಣುತ್ತದೆ. ಭಯದಿಂದ ಅವನು ಆ ಮಗುವಿನ ಮಣಿಕಟ್ಟನ್ನು ಒಡೆದ ಗಾಜಿಗೆ ಉಜ್ಜಿ ರಕ್ತ ಹರಿಸುತ್ತಾನೆ. ಈ ಕ್ರೂರ ಗ್ರಂಥದ ಅತ್ಯಂತ ಕ್ರೂರವಾದ ಚಿತ್ರಗಳಲ್ಲೊಂದಕ್ಕೆ ಕಾರಣನಾದವನು ಹೀತ್‌ಕ್ಲಿಫ್ ಅಲ್ಲ, ನಮ್ಮಂತೆಯೇ ಹೊರಗಿನಿಂದ ಬಂದ ಸುಸಂಸ್ಕೃತ ಓದುಗ. ನೆಲ್ಲಿಯೂ ಅಷ್ಟೇ. ಷಾರ್ಲೆಟ್ ಅವಳನ್ನು ದಯೆ ನಿಷ್ಠೆಗಳ ಮಾದರಿಯೆಂದಳು. ಆದರೆ ಅನಾಥ ಮಗು ಮನೆಗೆ ಬಂದ ಮೊದಲ ರಾತ್ರಿ, ಬೆಳಗಾಗುವಷ್ಟರಲ್ಲಿ ಅದು ತೊಲಗಿದ್ದರೆ ಸಾಕೆಂದು ಮೆಟ್ಟಿಲ ಬಳಿ ಮಲಗಿಸಿದವಳು ನೆಲ್ಲಿ. ಹೀತ್‌ಕ್ಲಿಫ್‌ನನ್ನು ಮದುವೆಯಾಗುವುದು ತನಗೆ ಹೀನವೆಂದು ಕ್ಯಾಥರೀನ್ ಹೇಳುತ್ತಿದ್ದಾಗ ಅವನು ಕೇಳಿಸಿಕೊಂಡು ಎದ್ದುಹೋದದ್ದನ್ನು ಕಂಡೂ ಆ ಕ್ಷಣದಲ್ಲಿ ಸುಮ್ಮನಿದ್ದವಳು ಅವಳೇ. ಆಮೇಲೆ ಕ್ಯಾಥರೀನ್ ತನ್ನ ಪ್ರೀತಿಯ ಆಳವನ್ನು ಹೇಳಿಕೊಂಡಳು. ಅದನ್ನು ಕೇಳಲು ಅವನು ಅಲ್ಲಿರಲಿಲ್ಲ. ಇಂಥ ಚಿಕ್ಕ ಮೌನಗಳಿಂದಲೂ ದೊಡ್ಡ ಕೇಡು ಬೆಳೆಯುತ್ತದೆ.

ಹೀತ್‌ಕ್ಲಿಫ್‌ನ ಆಯುಧಗಳು ಯಾವುವೆಂಬುದೂ ಇಲ್ಲಿ ಮುಖ್ಯ. ಸಿ. ಪಿ. ಸ್ಯಾಂಗರ್ ೧೯೨೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಕಾದಂಬರಿಯ ಕಾಲಗಣನೆ ಎಷ್ಟು ನಿಷ್ಕೃಷ್ಟವೆಂದೂ, ಆ ಕಾಲದ ಆಸ್ತಿಯ ಕಾನೂನಿನ ಜ್ಞಾನ ಅದರಲ್ಲಿ ಎಷ್ಟು ಖಚಿತವಾಗಿದೆಯೆಂದೂ ತೋರಿಸಿಕೊಟ್ಟರು. ಹೀತ್‌ಕ್ಲಿಫ್ ಗೆಲ್ಲುವುದು ಮುಖ್ಯವಾಗಿ ಅಡಮಾನದಿಂದ, ಮದುವೆಯಿಂದ, ಉಯಿಲಿನಿಂದ. ಮದುವೆಯಾದ ಹೆಣ್ಣಿನ ಚರಾಸ್ತಿ ಗಂಡನಿಗೆ ಸೇರುತ್ತಿದ್ದ ಕಾಲ ಅದು. ಹಿಂಡ್ಲಿಯ ಜೂಜು ಅವನ ಭೂಮಿಯನ್ನು ಹೀತ್‌ಕ್ಲಿಫ್‌ನ ಕೈಗೆ ತಂದಿತು. ಕ್ಯಾಥಿಯ ಬಲವಂತದ ಮದುವೆ ಉಳಿದದ್ದನ್ನು ತಂದಿತು. ದಿಕ್ಕಿಲ್ಲದ ಹುಡುಗನನ್ನು ಹೊರಗಿಟ್ಟ ಸಮಾಜದ ಮಾನ್ಯವಾದ ಕಾಗದಪತ್ರಗಳನ್ನೇ ಅವನು ಕಲಿತು ಅದರ ಮೇಲೆ ತಿರುಗಿಸಿದ. ಇದರಿಂದ ಅವನ ಅಪರಾಧ ಕಡಿಮೆಯಾಗುವುದಿಲ್ಲ. ಆದರೆ ಅವನೊಬ್ಬನೇ ಅಪರಾಧಿಯೆಂಬ ನೆಮ್ಮದಿ ನಮಗೆ ಉಳಿಯುವುದಿಲ್ಲ.

೪

ಇಸಾಬೆಲ್ಲಾಳ ಮೋಹವೂ ಅಲ್ಲದ, ಎಡ್ಗರ್‌ನ ತಿರಸ್ಕಾರವೂ ಅಲ್ಲದ ಮೂರನೆಯ ದಾರಿ ಯಾವುದು? ಅದನ್ನು ಕಾಣಬೇಕಾದರೆ ಕಾದಂಬರಿಯ ಉತ್ತರಾರ್ಧವನ್ನು ಪೂರ್ವಾರ್ಧದಷ್ಟೇ ಶ್ರದ್ಧೆಯಿಂದ ಓದಬೇಕು. ೧೯೩೯ರಲ್ಲಿ ವಿಲಿಯಂ ವೈಲರ್ ನಿರ್ದೇಶಿಸಿದ ಪ್ರಸಿದ್ಧ ಚಲನಚಿತ್ರ ಎರಡನೆಯ ತಲೆಮಾರಿನ ಕಥೆಯನ್ನು ಪೂರ್ತಿಯಾಗಿ ಕೈಬಿಟ್ಟಿತು. ಉಳಿದದ್ದು ವಿರಹದ ಕಥೆ. ಲಾರೆನ್ಸ್ ಒಲಿವಿಯರ್‌ನ ಹೀತ್‌ಕ್ಲಿಫ್ ಅದರ ದುಃಖಿ ನಾಯಕ. ಮಕ್ಕಳ ಮೇಲೆ ನಡೆಸಿದ ಹಿಂಸೆಯನ್ನು ತೆಗೆದುಹಾಕಿದರೆ ಅವನನ್ನು ಪ್ರೀತಿಸುವುದು ಕಷ್ಟವಲ್ಲ. ಎಮಿಲಿಯ ಗ್ರಂಥ ಅಂಥ ಸುಲಭವಾದ ಪ್ರೀತಿಯನ್ನು ಬೇಡುವುದಿಲ್ಲ.

ಹೇರ್‌ಟನ್ ಹಸುಳೆಯಾಗಿದ್ದಾಗ, ಕುಡಿದ ಹಿಂಡ್ಲಿಯ ಕೈಜಾರಿ ಮಹಡಿಯ ಕಟಾಂಜನದಾಚೆಗೆ ಬೀಳುತ್ತಾನೆ. ಕೆಳಗೆ ಬಂದ ಹೀತ್‌ಕ್ಲಿಫ್ ಯೋಚನೆಗೆ ಮೊದಲೇ ಕೈಚಾಚಿ ಹಿಡಿದುಬಿಡುತ್ತಾನೆ. ಮರುಗಳಿಗೆಯಲ್ಲಿ ಅವನ ಮುಖದಲ್ಲಿ ಕಾಣುವುದು ಸಂಕಟ: ಸೇಡು ತೀರಿಸಿಕೊಳ್ಳುವ ಅವಕಾಶವನ್ನು ತಾನೇ ಕಳೆದುಕೊಂಡೆನಲ್ಲಾ ಎಂಬ ಸಂಕಟ. ಇಡೀ ಪಾತ್ರದ ರಹಸ್ಯ ಈ ಎರಡು ಗಳಿಗೆಗಳಲ್ಲಿದೆ. ಮನುಷ್ಯತ್ವ ಅವನಲ್ಲಿ ಸತ್ತಿಲ್ಲ. ಅದು ಮೇಲೆ ಬಂದಾಗಲೆಲ್ಲ ಅವನೇ ಅದನ್ನು ಅದುಮುತ್ತಾನೆ. ಆದ್ದರಿಂದಲೇ ಅವನು ಹೊಣೆಗಾರ. ಷಾರ್ಲೆಟ್ ತನ್ನ ಮುನ್ನುಡಿಯಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾಳೆ. ಹೀತ್‌ಕ್ಲಿಫ್‌ನನ್ನು ಮಾನವಲೋಕಕ್ಕೆ ಕಟ್ಟಿರುವ ಎಳೆ ಕ್ಯಾಥರೀನಳ ಮೇಲಿನ ಪ್ರೇಮವಲ್ಲ, ಹೇರ್‌ಟನ್‌ನ ವಿಷಯದಲ್ಲಿ ಅವನಿಗಿದ್ದ ಒರಟಾದ ಅಕ್ಕರೆ ಎಂದು ಅವಳ ಮಾತಿನ ತಾತ್ಪರ್ಯ. ಮುನ್ನುಡಿಯ ಹಿಂಜರಿಕೆಯೆಲ್ಲವನ್ನೂ ಈ ಒಂದು ಒಳನೋಟ ತೂಗುತ್ತದೆ.

ಆ ಮನೆಯ ಬಾಗಿಲ ಮೇಲೆ ೧೫೦೦ ಎಂಬ ವರ್ಷವೂ ‘ಹೇರ್‌ಟನ್ ಅರ್ನ್‌ಷಾ’ ಎಂಬ ಹೆಸರೂ ಕೆತ್ತಿವೆ. ಅದೇ ಹೆಸರಿನ ವಾರಸುದಾರ ಅದರ ಕೆಳಗೆ ಹಾದುಹೋಗುತ್ತ ಅದನ್ನು ಓದಲಾರದವನಾಗಿ ಬೆಳೆಯುತ್ತಾನೆ. ಕಷ್ಟಪಟ್ಟು ಹೆಸರನ್ನು ಓದಲು ಕಲಿತಾಗ ಕ್ಯಾಥಿ ನಗುತ್ತಾಳೆ. ಅವಳೂ ನಿರ್ದೋಷಿಯಲ್ಲ, ಆ ನಗೆಯ ಗಾಯ ಎಷ್ಟು ಆಳವೆಂದರೆ, ಕೂಡಿಟ್ಟ ಪುಸ್ತಕಗಳನ್ನು ಅವನು ಬೆಂಕಿಗೆ ಎಸೆಯುತ್ತಾನೆ. ಕೊನೆಗೆ ಅವಳು ಒಂದು ಪುಸ್ತಕವನ್ನು ಬಿಳಿಯ ಕಾಗದದಲ್ಲಿ ಸುತ್ತಿ, ಅದರ ಮೇಲೆ ಅವನ ಹೆಸರು ಬರೆದು, ನೆಲ್ಲಿಯ ಕೈಯಲ್ಲಿ ಕಳುಹಿಸುತ್ತಾಳೆ: ತೆಗೆದುಕೊಂಡರೆ ಓದಲು ಕಲಿಸುವೆನು, ಇಲ್ಲದಿದ್ದರೆ ಇನ್ನೆಂದೂ ಕಾಡುವುದಿಲ್ಲ. ಅವನು ನಡುಗುತ್ತ ಒಪ್ಪುತ್ತಾನೆ. ಎರಡು ಮನೆತನಗಳ ಹಗೆ ಮುಗಿಯುವುದು ಅಕ್ಷರಾಭ್ಯಾಸದಲ್ಲಿ.

ಅನಂತರ ಬರುವ ಒಂದು ಚಿಕ್ಕ ಪ್ರಸಂಗ ನಮ್ಮ ಪ್ರಶ್ನೆಗೆ ನೇರವಾದ ಉತ್ತರ. ಹೀತ್‌ಕ್ಲಿಫ್ ತನ್ನ ಭೂಮಿಯನ್ನೂ ಹಣವನ್ನೂ ಕಸಿದನೆಂದು ಕ್ಯಾಥಿ ಹೇರ್‌ಟನ್‌ನ ಮುಂದೆ ದೂರುತ್ತಾಳೆ. ಅವಳು ಹೇಳುವುದೆಲ್ಲ ನಿಜ. ಹೇರ್‌ಟನ್ ಅದನ್ನು ಅಲ್ಲಗಳೆಯುವುದಿಲ್ಲ. ತಾನು ಅವಳ ತಂದೆಯನ್ನು ಹಳಿದರೆ ಅವಳಿಗೆ ಹೇಗಾದೀತೆಂದು ಮಾತ್ರ ಕೇಳುತ್ತಾನೆ. ಅವನ ಬಾಳಿನಲ್ಲಿ ತಂದೆಯ ಸ್ಥಾನದಲ್ಲಿದ್ದವನು ಹೀತ್‌ಕ್ಲಿಫ್ ಎಂಬುದು ಆಗ ಅವಳಿಗೆ ಹೊಳೆಯುತ್ತದೆ. ಅಂದಿನಿಂದ ಅವನ ಎದುರಿಗೆ ಹೀತ್‌ಕ್ಲಿಫ್‌ನ ದೂಷಣೆಯನ್ನು ನಿಲ್ಲಿಸುತ್ತಾಳೆ. ತನಗಾದ ಅನ್ಯಾಯವನ್ನು ಅವಳು ಮರೆತಳೆಂದಲ್ಲ. ಸತ್ಯವನ್ನು ಬಿಟ್ಟುಕೊಡದೆ, ಇನ್ನೊಬ್ಬನ ಪ್ರೀತಿಯನ್ನೂ ಮುರಿಯದೆ ಇರಲು ಕಲಿತಳು. ೧೮೦೨ರಲ್ಲಿ ಹೀತ್‌ಕ್ಲಿಫ್ ಸತ್ತಾಗ, ಅವನಿಂದ ಅತಿ ಹೆಚ್ಚು ಕಳೆದುಕೊಂಡ ಹೇರ್‌ಟನ್ ಒಬ್ಬನೇ ರಾತ್ರಿಯೆಲ್ಲ ಶವದ ಪಕ್ಕದಲ್ಲಿ ಕುಳಿತು ಅಳುತ್ತಾನೆ. ಇತರರು ನೋಡಲು ಹೆದರಿದ ಆ ಮುಖಕ್ಕೆ ಮುತ್ತಿಡುತ್ತಾನೆ.

ಆದರೆ ಹೇರ್‌ಟನ್‌ನ ಕಣ್ಣೀರು ನಮ್ಮ ತೀರ್ಪಾಗಲಾರದು. ಅವನಿಗೆ ತಿಳಿಯದ ಎಷ್ಟೋ ಸಂಗತಿಗಳು ನಮಗೆ ತಿಳಿದಿವೆ. ಹೀತ್‌ಕ್ಲಿಫ್‌ನ ಸ್ವಂತ ಮಗ, ರೋಗಿಷ್ಠನೂ ಅಂಜುಬುರುಕನೂ ಆದ ಆ ಹುಡುಗ, ವೈದ್ಯನಿಲ್ಲದೆ ಸತ್ತದ್ದು ನಮಗೆ ಗೊತ್ತು. ಅವನಿಗಾಗಿ ಅಳುವವರು ಕಾದಂಬರಿಯಲ್ಲಿ ಹೆಚ್ಚಿಲ್ಲ. ಅವನನ್ನು ಪ್ರೀತಿಸುವಂತೆ ಎಮಿಲಿ ನಮ್ಮನ್ನು ಪುಸಲಾಯಿಸುವುದೂ ಇಲ್ಲ. ಇಂಥ ತೀರದ ಲೆಕ್ಕಗಳು ಕಾದಂಬರಿ ಮುಗಿದ ಮೇಲೂ ಉಳಿದಿರುತ್ತವೆ. ಅವುಗಳನ್ನು ಹೊರುವ ಕೆಲಸ ಓದುಗನದು. ಅಳುವ ಹೇರ್‌ಟನ್‌ನನ್ನು ಕಂಡು ಕರಗಬೇಕು. ಹೀತ್‌ಕ್ಲಿಫ್‌ನ ಖಾತೆಯಲ್ಲಿ ಒಂದು ಕಾಸನ್ನೂ ಮನ್ನಾ ಮಾಡಬಾರದು. ಎರಡನ್ನೂ ಏಕಕಾಲದಲ್ಲಿ ಮಾಡಬಲ್ಲವನಿಗೆ ಈ ಗ್ರಂಥ ತೆರೆದುಕೊಳ್ಳುತ್ತದೆ.

೫

ಮೊದಲಿನ ಆಕ್ಷೇಪಣೆಗೆ ಮರಳೋಣ. ಪಾತ್ರಗಳ ದೋಷಗಳಿದ್ದಾಗ್ಯೂ ಕೃತಿಯನ್ನು ಮೆಚ್ಚುವುದು ಹೇಗೆಂದು ಕೇಳುವಾಗ, ದೋಷವಿವೇಚನೆ ಒಂದು ಕಡೆ, ರಸಾಸ್ವಾದ ಇನ್ನೊಂದು ಕಡೆ ಎಂದು ನಾವು ಆಗಲೇ ಭಾವಿಸಿಕೊಂಡಿರುತ್ತೇವೆ. ‘ವದರಿಂಗ್ ಹೈಟ್ಸ್’ ಕಾದಂಬರಿಯಲ್ಲಿ ಅವೆರಡೂ ಬೇರೆಬೇರೆಯಲ್ಲ. ಹೀತ್‌ಕ್ಲಿಫ್‌ನ ಕೆಡುಕನ್ನು ಕೆಡುಕೆಂದು ಕಾಣದವನಿಗೆ ಹೇರ್‌ಟನ್‌ನ ಮುತ್ತಿನ ಬೆಲೆ ತಿಳಿಯುವುದಿಲ್ಲ. ನೆಲ್ಲಿಯ ಮೌನವನ್ನು ತಪ್ಪೆಂದು ಗುರುತಿಸದವನಿಗೆ ಕ್ಯಾಥರೀನಳ ದುರಂತದ ಪೂರ್ಣ ಆಕಾರ ಕಾಣುವುದಿಲ್ಲ. ನಮ್ಮ ನೀತಿಪ್ರಜ್ಞೆಯನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕೆಂದು ಎಮಿಲಿ ಕೇಳುವುದಿಲ್ಲ. ಅದನ್ನು ಒಳಗೆ ತನ್ನಿ, ಅದರ ಮೊಂಡುತನವನ್ನು ಇಲ್ಲಿ ಸಾಣೆ ಹಿಡಿಯೋಣ ಎನ್ನುವಂತಿದೆ ಅವಳ ಕಥನದ ರೀತಿ.

ಆದ್ದರಿಂದ, ಇವರಲ್ಲಿ ಒಬ್ಬರೂ ನನಗೆ ಹಿಡಿಸಲಿಲ್ಲವೆಂದು ಹೇಳುವ ವಿದ್ಯಾರ್ಥಿಯನ್ನು ಅಧ್ಯಾಪಕನು ಗದರಿಸಬೇಕಾಗಿಲ್ಲ. ಹೀತ್‌ಕ್ಲಿಫ್‌ಗೆ ಪ್ರಣಯವೀರನ ವೇಷ ತೊಡಿಸಿ ಒಲಿಸಿಕೊಳ್ಳಬೇಕಾಗಿಯೂ ಇಲ್ಲ. “ಹಿಡಿಸದಿರುವುದು ಸರಿ; ಯಾರು, ಯಾವ ಕ್ಷಣದಲ್ಲಿ, ಏತಕ್ಕೆ ಹಿಡಿಸಲಿಲ್ಲವೆಂಬುದನ್ನು ಪುಟ ತೆರೆದು ತೋರಿಸು” ಎಂದು ಕೇಳಿದರೆ ಸಾಕು. ವಿದ್ಯಾರ್ಥಿ ಪುಟಗಳನ್ನು ಹುಡುಕತೊಡಗುತ್ತಾನೆ. ಹುಡುಕುವಾಗ ಕಿಟಕಿಯ ಗಾಜಿನ ಮೇಲಿನ ರಕ್ತ, ಕಟಾಂಜನದ ಕೆಳಗೆ ಚಾಚಿದ ಕೈ, ಬಿಳಿಯ ಕಾಗದದಲ್ಲಿ ಸುತ್ತಿದ ಪುಸ್ತಕ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಪಾಠ ಅಲ್ಲಿಂದ ಮುಂದೆ ನಡೆಯಬಹುದು.